ಹುಂಜನೋ ಕೋಳಿನೋ

ಯುಗಾದಿ ಕಳೆದು ಒಂದೂವರೆ ತಿಂಗಳಾಗಿತ್ತಂತೆ. ಒಂದಾನೊಂದು ಊರು, ಊರ ಹಿಂದೆ ಒಂದು ಕುರುಚಲು ಗುಡ್ಡ. ಗುಡ್ಡದ ತುಂಬ ಮುಳ್ಳುಮುಳ್ಳಿನ ಕವಳೆ ಗಿಡ, ಗಿಡದ ತುಂಬ ಕಪ್ಪಗೆ ಮಾಗಿದ ಹಣ್ಣು.

ಆ ಊರಲ್ಲಿ ಗಿರಿಯವ್ವ ಅಂತ ಒಬ್ಬಳು ಹುಡುಗಿ. ಅವಳ ಅಕ್ಕ ಬಸುರಿ, ತವರಿಗೆ ಬಂದಿದ್ದಳು. ಅನ್ನ ಸೇರದು, ಅಂಬಲಿ ಸೇರದು. "ಕವಳೆ ಹಣ್ಣು ಬೇಕು ಕಣೇ" ಅಂದಳಂತೆ.

ಗಿರಿಯವ್ವ ಗುಡ್ಡ ಹತ್ತಿ ಒಂದು ಗಿಡ ಹಿಡಿದು ಕೂತಳು. ಬುಟ್ಟಿಗೊಂದು, ಬಾಯಿಗೊಂದು. ಬುಟ್ಟಿಗೊಂದು, ಬಾಯಿಗೊಂದು. ತಲೆ ಎತ್ತಿದರೆ ಎದುರಿಗೆ ಕರಡಿ.

"ನನ್ನ ಗುಡ್ಡ, ನನ್ನ ಹಣ್ಣು. ನಿನ್ನ ತಿಂತೀನಿ" ಅಂತು.

ಓಡಿದರೆ ಹಿಡಿಯುತ್ತೆ, ಕೂಗಿದರೆ ಊರಿಗೆ ಕೇಳಿಸಲ್ಲ.

"ತಿನ್ನು ಮಾವ. ಗುಡ್ಡ ನಿಂದೇ ಆದ್ರೆ, ಈ ಹಣ್ಣೊಳಗಿರೋದು ಹುಂಜನೋ ಕೋಳಿನೋ ಹೇಳು ನೋಡೋಣ."

"ಹಣ್ಣೊಳಗೆ ಹುಂಜನಾ? ತಲೆ ಕೆಟ್ಟಿದೆಯಾ?"

"ಕಚ್ಚಿದಾಗ ಒಳಗೆ ಕೆಂಪಗಿದ್ರೆ ಹುಂಜ, ಬೆಳ್ಳಗಿದ್ರೆ ಕೋಳಿ. ನಮ್ಮೂರ ಮಕ್ಕಳೆಲ್ಲ ಆಡೋ ಆಟ. ನೀನು ನುಂಗೋನು, ನಿನಗೆಲ್ಲಿ ಗೊತ್ತಾಗಬೇಕು!"

ಕರಡಿಗೆ ಅವಮಾನವಾಯಿತಂತೆ. "ಹಾಗಾದ್ರೆ ನೀನೇ ಹೇಳು. ಮೂರು ಹಣ್ಣು. ಮೂರೂ ಸರಿಯಾದ್ರೆ ಮನೆಗೆ ಹೋಗು. ಒಂದು ತಪ್ಪಿದ್ರೂ ನನ್ನ ಹೊಟ್ಟೆಗೆ ಬಾ."

ಅವಳು ಕೂತಿದ್ದ ಗಿಡದಿಂದಲೇ ಒಂದು ಕಿತ್ತಿತು. "ಹುಂಜ" ಅಂದಳು. ಕಚ್ಚಿತು, ಕೆಂಪು. ಇನ್ನೊಂದು ಕಿತ್ತಿತು. "ಹುಂಜ." ಕಚ್ಚಿತು; ಕೆಂಪು. ಒಂದು ಗಿಡದ ಹಣ್ಣಿಗೆಲ್ಲ ಒಳಗೆ ಒಂದೇ ಬಣ್ಣ. ಅಷ್ಟು ಹೊತ್ತು ಅದನ್ನೇ ತಿಂದವಳಿಗೆ ಗೊತ್ತಾಗದೆ?

ಕರಡಿಗೆ ಅನುಮಾನ ಬಂತು. ಬಂಡೆಯಾಚೆ ಬೇರೊಂದು ಗಿಡದ ಹತ್ತಿರ ಕರೆದೊಯ್ದಿತು. ಆ ಗಿಡದ ಹಣ್ಣನ್ನು ಗಿರಿಯವ್ವ ಮುಟ್ಟಿರಲಿಲ್ಲ.

"ಮಾವ, ಬಾಯಾರಿ ಮಾತೇ ಹೊರಡ್ತಿಲ್ಲ. ಒಂದು ಹಣ್ಣು ತಿಂದು ಹೇಳ್ತೀನಿ."

"ತಿನ್ನು. ನಿನ್ನ ಕೊನೇ ಹಣ್ಣು ಅದು."

ಕೈಗೆ ಸಿಕ್ಕಿದ್ದನ್ನು ಕಚ್ಚಿದಳು. ಒಳಗೆ ಬೆಳ್ಳಗಿತ್ತು.

ಕರಡಿ ಅದೇ ಗಿಡದ್ದು ಇನ್ನೊಂದು ಕಿತ್ತಿತು. "ಹೇಳು."

"ಕೋಳಿ."

ಕಚ್ಚಿತು. ಕೋಳಿ!

ಗಿರಿಯವ್ವನಿಗೆ ಹೋದ ಜೀವ ಬಂದಂತಾಯಿತು. ಕರಡಿಗೆ ಅವಳ ನೆನಪೇ ಇರಲಿಲ್ಲವಂತೆ. "ಇಷ್ಟು ವರ್ಷ ಸುಮ್ಮನೆ ನುಂಗಿದೆನಲ್ಲ!" ಅಂತ ಕುಕ್ಕರಿಸಿ ಕೂತು, ಒಂದೊಂದೇ ಕಚ್ಚಿ ನೋಡತೊಡಗಿತಂತೆ. "ಕೋಳಿ! ಇದೂ ಕೋಳಿ! ಅಯ್ಯೋ, ಮತ್ತೆ ಕೋಳಿ!"

ಗಿರಿಯವ್ವ ಸದ್ದಿಲ್ಲದೆ ಬುಟ್ಟಿ ಎತ್ತಿಕೊಂಡು ಇಳಿದಳು.

"ಯಾಕೇ ಇಷ್ಟು ಹೊತ್ತು?" ಅಂದಳು ಅಕ್ಕ, ಬಾಯಿಗೆ ಹಣ್ಣು ಹಾಕಿಕೊಳ್ಳುತ್ತ.

"ಕರಡಿ ಮಾವ ಸಿಕ್ಕಿದ್ದ. ಆಟ ಹೇಳಿಕೊಟ್ಟು ಬಂದೆ."

ಅವ್ವ ಓಡಿ ಬಂದು ಮಗಳ ಕೈಕಾಲು ತಿರುಗಿಸಿ ತಿರುಗಿಸಿ ನೋಡಿದಳಂತೆ. ಅವರು ಅಲ್ಲಿ ಸುಖವಾಗಿ ಉಂಡು ಮಲಗಿದರು, ಕಥೆ ಗುಡ್ಡ ಇಳಿದು ನಮ್ಮ ಹತ್ತಿರ ಬಂತು. ಗಿರಿಯವ್ವನ ಮೈಮೇಲೆ ಕರಡಿಯ ಉಗುರು ತಾಗಿದ್ದು ಒಂದೂ ಇಲ್ಲ. ಮುಳ್ಳು ಗೀರಿದ್ದು ಹನ್ನೊಂದು.