ಸಂಪಿಗೆ ಮನೆಗೆ ಹೋಗದ ಕ್ಯಾಮೆಲಿಯಾ

ಭೂಮಿ ಇನ್ನೂ ಹೊಸದಾಗಿ ಸಾರಿಸಿದ ನೆಲದ ಹಾಗಿದ್ದ ಕಾಲ. ಎಲ್ಲಿ ಕಾಲಿಟ್ಟರೂ ಹೆಜ್ಜೆ ಮೂಡುತ್ತಿತ್ತು. ಆಗ ಗಿಡಗಳಿಗೆಲ್ಲ ಕಾಲಿದ್ದವು ಮಗಾ. ಈಗ ಬೇರು ಅಂತ ಮಣ್ಣೊಳಗೆ ಮುಚ್ಚಿಟ್ಟುಕೊಂಡಿದ್ದಾವಲ್ಲ, ಅವೇ ಆ ಕಾಲುಗಳು.

ಬೆಳಗಾದರೆ ಸಾಕು, ಒಬ್ಬರ ಮನೆಯಿಂದ ಒಬ್ಬರ ಮನೆಗೆ ಹೊರಡುವುದು. ಕೂತು ಹರಟುವುದು. ಎದ್ದು ಬಂದಮೇಲೆ ಅದೇ ಮನೆಯವರನ್ನು ಆಡಿಕೊಳ್ಳುವುದು.

ಊರ ಸುದ್ದಿಯೆಲ್ಲ ಮಲ್ಲಿಗೆಯ ಹತ್ತಿರ ಇರುತ್ತಿತ್ತು. ಬಳ್ಳಿ ನೋಡು, ಯಾರ ಕಿಟಕಿಗೆ ಬೇಕಾದರೂ ಹತ್ತಿ ಇಣುಕುತ್ತಿದ್ದಳು.

ಒಂದು ಮಳೆಗಾಲದಲ್ಲಿ ಮಲ್ಲಿಗೆ ಏದುಸಿರು ಬಿಡುತ್ತಾ ಬಂದಳು. "ಕೇಳಿದ್ರೇನ್ರೇ? ಆ ಕ್ಯಾಮೆಲಿಯಾಗೆ ಮೊಗ್ಗು ಕಟ್ಟಿದೆ!"

ಕ್ಯಾಮೆಲಿಯಾ ಅಂದರೆ ಚಹಾಗಿಡದ ತಂಗಿ. ಎಣ್ಣೆ ಸವರಿದ ಹಾಗೆ ಮಿರಿಮಿರಿ ಮಿಂಚುವ ದಪ್ಪ ಎಲೆಯವಳು, ಮಾತು ಕಡಿಮೆ. ಎಷ್ಟೋ ಮಳೆಗಾಲ ಕಳೆದರೂ ಅವಳಿಗೆ ಒಂದೂ ಹೂವಾಗಿರಲಿಲ್ಲ. ಎದುರಿಗೆ ಬಂದರೆ ಕೆಲವರು ಮುಖ ತಿರುಗಿಸುತ್ತಿದ್ದರು. ಪಾಪ, ಒಂದು ಹೂವನ್ನು ಕಣ್ತುಂಬ ನೋಡಿದರೆ ಸಾಕು ಅಂತ ಅವಳ ಜೀವ ಹಂಬಲಿಸುತ್ತಿತ್ತು.

"ನಿಜವೇನೇ?" ಅಂದಳು ದಾಸವಾಳ. "ಅದಕ್ಕೇ ಗಾಳಿ ದಿನಾ ಅವಳ ಬಾಗಿಲಲ್ಲೇ ಸುಳೀತಿದ್ದ. ನಾನು ಕಣ್ಣಾರೆ ಕಂಡೆ."

"ಗಾಳಿ ಯಾರ ಬಾಗಿಲಲ್ಲಿ ಸುಳಿಯಲ್ಲ ಹೇಳು? ನಿನ್ನ ಬಾಗಿಲಲ್ಲಂತೂ ಮಲಗೇ ಇರ್ತಾನೆ!" ಅಂದಳು ಮಲ್ಲಿಗೆ. ದಾಸವಾಳ ಮುಖ ಕೆಂಪು ಮಾಡಿಕೊಂಡಳು.

ಆಗಿನ ಪದ್ಧತಿ ಏನು ಗೊತ್ತಾ? ಮೊಗ್ಗು ಹೊತ್ತವಳನ್ನು ಮನೆಮನೆಗೂ ಬಯಕೆ ಊಟಕ್ಕೆ ಕರೆಯಬೇಕು. ಕರೆಯದಿದ್ದರೆ ಕರೆಯದವರಿಗೆ ಅವಮಾನ. ಕರೆದರೂ ಹೋಗದಿದ್ದರೆ ಹೋಗದವಳಿಗೆ ಇನ್ನೂ ಅವಮಾನ. ಮಲ್ಲಿಗೆಯಂಥವರಿಗೆ ಅದೇನು ಕಷ್ಟ? ಇವತ್ತು ಮೊಗ್ಗು, ನಾಳೆ ಹೂವು. ಕ್ಯಾಮೆಲಿಯಾ ಮೊಗ್ಗು ಮಳೆಗಾಲದಲ್ಲಿ ಕಟ್ಟಿದರೆ ಬಿರಿಯುವುದು ಚಳಿಗಾಲಕ್ಕೆ. ಅಷ್ಟು ನಿಧಾನದವಳು ಅಂತ ಆಗ ಅವಳಿಗೇ ಗೊತ್ತಿರಲಿಲ್ಲ.

ಮೊದಲು ದಾಸವಾಳ ಕರೆದಳು. ಅವಳ ಮನೆ ಬಟ್ಟಬಯಲಲ್ಲಿ. ನಡುಮಧ್ಯಾಹ್ನ ಕೂರಿಸಿ ಬಡಿಸಿದ್ದು ನೆತ್ತಿಯ ಮೇಲಿನ ಬಿಸಿಲು. "ತಿನ್ನಮ್ಮ, ಬಿಸಿಬಿಸಿ ಇದೆ. ಇನ್ನೊಂಚೂರು ಹಾಕಲಾ?"

ಬೇಡ ಅನ್ನಲು ಕ್ಯಾಮೆಲಿಯಾಗೆ ನಾಚಿಕೆ. ತಿಂದಳು. ಎಲೆಯ ಅಂಚು ಸುಟ್ಟು ಕಂದಿಹೋಯಿತು. ಮನೆಗೆ ಬರುವ ದಾರಿಯಲ್ಲಿ ತೊಪ್ ತೊಪ್ ಅಂತ ಮೊಗ್ಗುಗಳು ಉದುರಿದವು.

ಆಮೇಲೆ ತಾವರೆ ಕರೆದಳು. ಕುತ್ತಿಗೆವರೆಗೆ ನೀರಲ್ಲಿ ಇಳಿಸಿದಳು. "ಕುಡಿಯೇ, ನಮ್ಮನೇಲಿ ನೀರಿಗೇನು ಬರ?"

ಆಗಲೂ ಬೇಡ ಅನ್ನಲು ನಾಚಿಕೆ. ಕುಡಿದಳು. ಕಾಲು ಊದಿಕೊಂಡು ಕೊಳೆಯುವ ಹಾಗಾಯಿತು. ದಾರಿಯುದ್ದಕ್ಕೂ ಮತ್ತೆ ತೊಪ್ ತೊಪ್.

ಊರಲ್ಲಿ ಅದೇ ಮಾತು. "ತಾವರೆ ಮನೆ ಪಾಚಿ ನೀರು ಕುಡಿದರೆ ಇನ್ನೇನಾಗುತ್ತೆ?" ಅಂದಳು ದಾಸವಾಳ. "ಅವಳು ಬಿಸಿಲಲ್ಲಿ ಹುರಿದು ಕಳಿಸಿದ್ದನ್ನು ನನ್ನ ಮೇಲೆ ಹಾಕ್ತಾಳೆ ನೋಡು!" ಅಂದಳು ತಾವರೆ. ಜಗಳ ಜೋರಾಯಿತು. ಉದುರಿದ ಮೊಗ್ಗನ್ನು ಎತ್ತಿ ನೋಡಿದವರು ಯಾರೂ ಇಲ್ಲ.

ಕೊನೆಗೆ ಸಂಪಿಗೆ ಮನೆಯಿಂದ ಕರೆ ಬಂತು. ಸಂಪಿಗಮ್ಮ ಅಂದರೆ ಊರಿಗೇ ದೊಡ್ಡವಳು. ಅವಳ ಮನೆಯಲ್ಲಿ ಮಡಿಲು ತುಂಬುವುದು ಪರಿಮಳದಿಂದ. ಆ ದಿನ ಯಾರು ಸೆರಗೊಡ್ಡುತ್ತಾರೋ ಅವರ ಮಕ್ಕಳು ಮೊಮ್ಮಕ್ಕಳಿಗೆಲ್ಲ ಪರಿಮಳ. ತಪ್ಪಿಸಿಕೊಂಡರೆ ಮತ್ತೆ ಸಿಗದು.

ಕ್ಯಾಮೆಲಿಯಾ ಹೊರಟಳು. ಮೈಮೇಲೆ ಉಳಿದಿದ್ದದ್ದು ಒಂದೇ ಮೊಗ್ಗು. ಹೆಜ್ಜೆ ಇಟ್ಟಾಗಲೆಲ್ಲ ಅದರ ತೊಟ್ಟು ಅಲುಗುತ್ತಿತ್ತು. ಸುಸ್ತಾಗಿ ದಾರಿಯಲ್ಲಿದ್ದ ನೇರಳೆ ಮರದ ಕೆಳಗೆ ಕೂತಳು.

"ಎಲ್ಲಿಗವ್ವಾ ಇಷ್ಟು ಬಳಲಿಕೊಂಡು?" ಅಂದಳು ನೇರಳಜ್ಜಿ.

"ಸಂಪಿಗಮ್ಮನ ಮನೆಗೆ ಅಜ್ಜಿ. ಹೋಗದಿದ್ದರೆ ನನ್ನ ಹೂವಿಗೆ ಪರಿಮಳ ಇರಲ್ಲ."

"ಹೋದರೆ?"

ಕ್ಯಾಮೆಲಿಯಾ ಮೊಗ್ಗನ್ನು ನೋಡಿಕೊಂಡಳು. ಕೂತಿದ್ದರಿಂದ ತೊಟ್ಟು ಅಲುಗುವುದು ನಿಂತಿತ್ತು. ಕಾಲ ಕೆಳಗೆ ಕೊಳೆತ ಎಲೆಗಳ ಹುಳಿಮಣ್ಣು ತಣ್ಣಗಿತ್ತು. ಎಲೆಗಳ ಸಂದಿಯಿಂದ ಎಳೆಬಿಸಿಲು ಸೋಸಿಕೊಂಡು ಬೀಳುತ್ತಿತ್ತು.

"ಹೋದರೆ ಹೂವೇ ಇರಲ್ಲವೇನೋ," ಅಂದಳು.

"ಹೋಗು ಅಂತಲೂ ನಾನು ಹೇಳಲ್ಲ, ಬೇಡ ಅಂತಲೂ ಹೇಳಲ್ಲ ಮಗಳೇ. ಕೂತಿರೋವರೆಗೂ ನೆರಳು ಕೊಡ್ತೀನಿ."

ಅಷ್ಟರಲ್ಲಿ ಗಾಳಿ ಬಂದ. "ಏಳು ಏಳು, ಸಂಪಿಗಮ್ಮ ತಟ್ಟೆ ಹಿಡಿದು ಕಾಯ್ತಿದ್ದಾರೆ. ತಾವರೆ ಮೇಲಿನ ಸಿಟ್ಟಿಗೆ ದಾಸವಾಳ ಬರಲ್ಲವಂತೆ. ಉಳಿದವರೆಲ್ಲ ಬಂದಾಯ್ತು, ನೀನೊಬ್ಬಳೇ ಬಾಕಿ."

"ಬರಲ್ಲ ಅಂತ ಹೇಳಿಬಿಡು."

"ಹುಚ್ಚಿ! ಊರು ಏನನ್ನುತ್ತೆ?"

"ಹೋದಾಗಲೂ ಅಂದರು, ಹೋಗದಿದ್ದರೂ ಅಂತಾರೆ. ಅನ್ನಲಿ ಬಿಡು. ನನಗಿರೋದು ಇದೊಂದೇ."

ಹಾಗೆಂದವಳು ಕಾಲು ಮಡಚಿ ಹುಳಿಮಣ್ಣಿನೊಳಗೆ ತೂರಿಸಿದಳು. ಮೊಗ್ಗನ್ನು ಎಲೆಯ ಮರೆಗೆ ಎಳೆದುಕೊಂಡು ಮೈ ಮುದುರಿ ಕೂತುಬಿಟ್ಟಳು.

ಸಂಪಿಗೆ ಮನೆಯಲ್ಲಿ ಎಂಥಾ ರಂಪ ಅಂತೀಯ! "ನೋಡ್ರೇ ಜಂಬ! ಒಂದು ಮೊಗ್ಗಿಗೇ ಇಷ್ಟು ಮೆರೀತಾಳೆ!" ಅಂತ ಮಲ್ಲಿಗೆ ಕೂಗಾಡಿದಳು. ಕೂಗಾಡುತ್ತಲೇ ತಟ್ಟೆಯಲ್ಲಿ ಉಳಿದಿದ್ದ ಕ್ಯಾಮೆಲಿಯಾ ಪಾಲಿನ ಪರಿಮಳವನ್ನೂ ತನ್ನ ಸೆರಗಿಗೇ ಗಂಟು ಹಾಕಿಕೊಂಡಳು. ಇಲ್ಲದಿದ್ದರೆ ಅಷ್ಟು ಪುಟ್ಟ ಹೂವಿಗೆ ಬೀದಿ ದಾಟಿ ಬರೋ ವಾಸನೆ ಎಲ್ಲಿಂದ ಬಂತು? ನಾನು ಹೇಳಿದೆ ಅಂತ ಯಾರಿಗೂ ಹೇಳಬೇಡ.

ಮಳೆ ನಿಂತಿತು. ಇಬ್ಬನಿ ಬಿತ್ತು. ಕ್ಯಾಮೆಲಿಯಾ ಅಲುಗಲಿಲ್ಲ. "ಅದು ಮೊಗ್ಗೋ ಕಲ್ಲೋ?" ಅಂತ ಹೋಗಿ ಬರುವವರೆಲ್ಲ ನಕ್ಕರು. ಅವಳಿಗೂ ಒಂದೊಂದು ಸಲ ಕಲ್ಲೇ ಇರಬಹುದೇನೋ ಅನ್ನಿಸುತ್ತಿತ್ತು. ಆದರೂ ಕೂತೇ ಇದ್ದಳು.

ಚಳಿ ಕಚ್ಚುವ ಒಂದು ಬೆಳಗ್ಗೆ ಮೊಗ್ಗಿನ ತುದಿ ಕೆಂಪಾಯಿತು. ಒಂದು ಎಸಳು ಬಿಚ್ಚಿತು. ಅದರೊಳಗೊಂದು, ಅದರೊಳಗೆ ಮತ್ತೊಂದು. ಮಡಿಸಿಟ್ಟ ರೇಷ್ಮೆ ಸೀರೆಯನ್ನು ನಿಧಾನವಾಗಿ ಬಿಚ್ಚಿದ ಹಾಗೆ.

ಊರೆಲ್ಲ ನೋಡಲು ಬಂತು. ಮಲ್ಲಿಗೆ ಹತ್ತಿರ ಬಂದು ಮೂಸಿದಳು. "ಅಯ್ಯೋ, ವಾಸನೆಯೇ ಇಲ್ವಲ್ಲೇ!"

"ಇಲ್ಲಕ್ಕಾ," ಅಂದಳು ಕ್ಯಾಮೆಲಿಯಾ, ಹೂವಿನಿಂದ ಕಣ್ಣು ತೆಗೆಯದೆ. "ಹೂವಿದೆ."

ಮಲ್ಲಿಗೆ ಸೆರಗಿನ ಗಂಟು ಮುಚ್ಚಿಕೊಂಡು ಮನೆಗೆ ಹೋದಳು. ದಾರಿಯಲ್ಲಿ ಬಿದ್ದಿದ್ದ ಒಣ ಮೊಗ್ಗುಗಳನ್ನು ಅವತ್ತು ಮೊದಲ ಸಲ ನೋಡಿದಳಂತೆ. ಮನೆ ಮುಟ್ಟಿದವಳೇ ತಾನೂ ಕಾಲು ಮಣ್ಣಿಗಿಳಿಸಿದಳು. ಅವಳನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಇಳಿಸಿದರು. ಬಯಕೆ ಊಟದ ಪದ್ಧತಿ ಅಲ್ಲಿಗೆ ನಿಂತಿತು.

ಅದಕ್ಕೇ ಮಗಾ, ಕ್ಯಾಮೆಲಿಯಾ ಇವತ್ತಿಗೂ ಕುಂಡದಲ್ಲಿ ಮೈ ಮುದುರಿ ನಿನ್ನ ಸೊಂಟದೆತ್ತರಕ್ಕೇ ಕೂತಿರುತ್ತಾಳೆ, ಅರೆನೆರಳು ಕೇಳುತ್ತಾಳೆ, ಮೂಸಿದರೆ ಏನೂ ಕೊಡುವುದಿಲ್ಲ, ಮೊಗ್ಗು ಹೊತ್ತಾಗ ಯಾರಾದರೂ ಕುಂಡ ಎತ್ತಿ ಬೇರೆ ಕಡೆ ಇಟ್ಟರೆ ಮತ್ತೆ ಯಾರ ಮನೆ ಊಟಕ್ಕೆ ಹೊರಡಿಸಿದರೋ ಅಂತ ಬೆದರಿ ಮೊಗ್ಗೆಲ್ಲ ಉದುರಿಸಿಬಿಡುತ್ತಾಳೆ.