ಕೆರೆದ ಕರಣೆ

"ಇನ್ನು ಬಿಟ್ಟುಬಿಡಬೇಕು ಅನ್ನೋದು ಮನುಷ್ಯನಿಗೆ ಯಾವಾಗ ಗೊತ್ತಾಗುತ್ತೆ ಮೇಷ್ಟ್ರೇ?"

ಕೇಳಿದವಳು ಪಂಕಜಾಕ್ಷಿ. ಅಂಚೆ ಕಚೇರಿಯಲ್ಲಿ ಕೆಲಸ, ವಯಸ್ಸು ನಲವತ್ತು ದಾಟಿದೆ. ಎರಡು ವರ್ಷದಿಂದ ಟ್ಯಾಬ್ಲೆಟ್ಟಿನ ಮೇಲೆ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದಳು. ಚೆಲುವಯ್ಯ ಮೇಷ್ಟ್ರಿಗೆ ಆ ಯಂತ್ರದ ತಲೆಬುಡ ತಿಳಿಯದು. ಕಾಗದ, ಕುಂಚಗಳಲ್ಲೇ ಆಯುಷ್ಯ ಕಳೆದವರು. ಆದರೂ ಅವಳು ಬರೆದದ್ದನ್ನೆಲ್ಲ ಭಾನುವಾರ ತಂದು ಅವರಿಗೇ ತೋರಿಸುತ್ತಿದ್ದಳು. ಮೂರು ತಿಂಗಳಿಂದ ಮಾತ್ರ ಏನೂ ತಂದಿರಲಿಲ್ಲ.

ಈ ಮೂರು ತಿಂಗಳೂ ಅವಳು ಒಂದೇ ಚಿತ್ರದ ಬೆನ್ನು ಹತ್ತಿದ್ದಳು. ಬೆಳಗಿನ ಬಿಸಿಲಿನಲ್ಲಿ ಸೇವಂತಿಗೆ ಕಟ್ಟುತ್ತ ಕುಳಿತ ಹೂವಾಡಗಿತ್ತಿ. ಹೂವು ಬರುತ್ತಿತ್ತು, ಸೀರೆ ಬರುತ್ತಿತ್ತು. ಮುಖ ಮಾತ್ರ ಹಿಟ್ಟು ಮೆತ್ತಿದ ಹಾಗೆ ಕಾಣುತ್ತಿತ್ತು. ಪ್ರತಿ ಸಲವೂ ಸಿಟ್ಟಿನಿಂದ ಇಡೀ ಚಿತ್ರವನ್ನೇ ಅಳಿಸಿ ಹಾಕಿದಳು. ಫೋನು ತೆರೆದರೆ ಯಾರೋ ಮೀಸೆ ಬಾರದ ಹುಡುಗ ಅಂಥದೇ ಮುಖವನ್ನು ಎರಡು ನಿಮಿಷದಲ್ಲಿ ಮುಗಿಸುತ್ತಿದ್ದ. ಅದು ವೇಗ ಹೆಚ್ಚಿಸಿ ತೋರಿಸುವ ವಿಡಿಯೊ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಮತ್ತೆ ಮತ್ತೆ ಅದನ್ನೇ ನೋಡುತ್ತಿದ್ದಳು. ನಿನ್ನೆ ನಾದಿನಿಯ ಮಗಳಿಗೆ, ಸೋಮವಾರ ಬಂದು ಟ್ಯಾಬ್ಲೆಟ್ ತಗೊಂಡು ಹೋಗು, ಕಾಲೇಜಿಗೆ ಆಗುತ್ತೆ ಎಂದುಬಿಟ್ಟಿದ್ದಳು. ಹೇಳಿದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಿದ್ದಳು.

ಮೇಷ್ಟ್ರು ಎಲ್ಲವನ್ನೂ ಕೇಳಿದರು. ಬಿಡು ಎನ್ನಲಿಲ್ಲ, ಬಿಡಬೇಡ ಎಂದೂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಮೃದಂಗ ಮಾಡುವವನಿದ್ದ. ಅವನ ಅಪ್ಪನೂ ಅದೇ ಕಸುಬಿನವನು, ನಾಲ್ಕೂರಿಗೆ ಹೆಸರಾದವನು. ಮಗ ಮೊದಲ ಸಲ ತಾನೇ ಒಂದು ಮೃದಂಗಕ್ಕೆ ಕರಣೆ ಹಾಕಲು ಕುಳಿತ. ಕರಣೆ ಎಂದರೆ ಬಲಗಡೆಯ ಚರ್ಮದ ನಡುವೆ ಕಾಣುವ ಕಪ್ಪು ವೃತ್ತ. ಕಪ್ಪು ಕಲ್ಲಿನ ಪುಡಿಯನ್ನು ಅನ್ನದ ಜೊತೆ ಕಲಸಿ, ತೆಳ್ಳಗೆ ಬಳಿದು, ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ ಒಣಗಿಸಬೇಕು. ಅದರ ಮೇಲೆ ಇನ್ನೊಂದು ಪದರ, ಮತ್ತೆ ಇನ್ನೊಂದು. ಹೀಗೆ ಹತ್ತಾರು ಪದರ ಕೂತರೆ ನಾದ.

ಇದು ಮಗನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ತಾಳ್ಮೆ ಎಲ್ಲಿಂದ ತರಬೇಕು? ಮೂರು ಪದರ ಹಾಕಿ ಬೆರಳಿನಿಂದ ತಟ್ಟಿದ. ಪಕ್ಕದಲ್ಲಿದ್ದ ಅಪ್ಪನ ಮೃದಂಗವನ್ನೂ ತಟ್ಟಿದ. ಅದು ನುಡಿಯಿತು, ಇದು ಕೆಮ್ಮಿತು. ಅವಮಾನವಾಗಿ ಕೆರೆದು ಹಾಕಿದ. ಮರುದಿನ ನಾಲ್ಕು ಪದರ ಹಾಕಿ ತಟ್ಟಿದ, ಕೆರೆದ. ಹೀಗೆ ಒಂದು ತಿಂಗಳು ಕಳೆಯಿತು. ಚರ್ಮ ಬೋಳಾಗಿಯೇ ಉಳಿಯಿತು. ಒಂದು ಬೆಳಿಗ್ಗೆ ಅವನು ಉಜ್ಜುವ ಕಲ್ಲನ್ನು ತಂದು ಅಪ್ಪನ ಮುಂದಿಟ್ಟ.

"ನನ್ನ ಕೈಯಲ್ಲಿ ಆಗಲ್ಲ ಕಣಪ್ಪ."

ಅಪ್ಪ ಕೇಳಿದ: "ಮೊದಲನೇ ದಿನ ತಟ್ಟಿದಾಗ ಏನು ಕೇಳಿಸ್ತು?"

"ಚೆನ್ನಾಗಿಲ್ಲ ಅಂತ ಕೇಳಿಸ್ತು."

"ನಿನ್ನೆ?"

ಮಗ ಸ್ವಲ್ಪ ಯೋಚಿಸಿದ. "ಅಂಚು ದಪ್ಪ ಆಗಿದೆ, ನಡುವೆ ತೆಳು. ಎರಡನೇ ಪದರ ಹಸಿ ಇದ್ದಾಗಲೇ ಮೂರನೇದು ಹಾಕಿದೀನಿ."

ಅಪ್ಪ ನಕ್ಕುಬಿಟ್ಟ. "ಇಷ್ಟು ಕೇಳಿಸೋಕೆ ನನಗೆ ಒಂದು ವರ್ಷ ಬೇಕಾಯ್ತು ಕಣೋ. ಇವತ್ತು ಹಾಕೋದನ್ನ ಕೆರೀಬೇಡ. ಹೇಗೇ ಬರಲಿ, ಪೂರ್ತಿ ಮಾಡು."

ಮಗ ಪೂರ್ತಿ ಮಾಡಿದ.

ಮೇಷ್ಟ್ರು ಅಲ್ಲಿಗೆ ಕತೆ ನಿಲ್ಲಿಸಿದರು. ಪಂಕಜಾಕ್ಷಿಗೆ ತಡೆಯಲಾಗಲಿಲ್ಲ.

"ಆ ಮೃದಂಗ ಚೆನ್ನಾಗಿ ನುಡೀತಾ?"

"ಎಲ್ಲಿ ಬಂತು! ಬರೀ ದಪ್ಪ ಸದ್ದು, ನಾದವೇ ಇಲ್ಲ. ಅದನ್ನ ಎದುರಿಗಿಟ್ಟುಕೊಂಡೇ ಎರಡನೇದು ಮಾಡಿದ. ಅದು ಒಂಚೂರು ವಾಸಿ." ಮೇಷ್ಟ್ರು ಅವಳ ಕಡೆ ತಿರುಗಿದರು. "ಇರಲಿ, ನೀನು ಹೇಳು. ಆ ಹೂವಾಡಗಿತ್ತಿ ಮುಖಕ್ಕೆ ಏನಾಗಿತ್ತು?"

"ಏನಾಗಿತ್ತು ಅಂದ್ರೆ..." ಪಂಕಜಾಕ್ಷಿ ಬೇಸರದಿಂದಲೇ ಶುರು ಮಾಡಿದಳು. "ನೆರಳಿಗೆ ಬರೀ ಕಪ್ಪು ಬೆರೆಸಿಬಿಟ್ಟಿದ್ದೆ. ಬೆಳಗಿನ ಬಿಸಿಲಲ್ಲಿ ನೆರಳು ನೀಲಿ ಹೊಡೆಯುತ್ತೆ ಮೇಷ್ಟ್ರೇ, ಕಪ್ಪಲ್ಲ. ಮಡಿಲ ತುಂಬ ಸೇವಂತಿಗೆ ಇದೆ, ಅದರ ಹಳದಿ ಗಲ್ಲದ ಕೆಳಗೆ ಬೀಳಬೇಕು, ಅದು ನನಗೆ ಹೊಳೆದೇ ಇರಲಿಲ್ಲ. ಆಮೇಲೆ ದವಡೆ ಎಲ್ಲಿ ತಿರುಗುತ್ತೆ ಅಂತ ನೋಡೋ ಮೊದಲೇ ಬಣ್ಣ ತೀಡಿ ತೀಡಿ ನಯ ಮಾಡಿಬಿಡ್ತಿದ್ದೆ, ಹಾಗೆ ಮಾಡಿದ್ರೆ ಮುಖದಲ್ಲಿ ಮೂಳೆನೇ ಇರಲ್ಲ..."

ಹೇಳುತ್ತ ಹೇಳುತ್ತ ಅವಳ ಕೈ ಗಾಳಿಯಲ್ಲಿ ದವಡೆಯ ಗೆರೆ ಎಳೆಯುತ್ತಿತ್ತು. ಅದು ಅವಳಿಗೇ ಗೊತ್ತಾಗಿ ಥಟ್ಟನೆ ಕೈ ಇಳಿಸಿದಳು.

ಮೇಷ್ಟ್ರು ಮೆಲ್ಲಗೆ ಹೇಳಿದರು: "ಇಷ್ಟು ಪಾಠ ಹೇಳಿಕೊಟ್ಟ ಗುರುಗಳನ್ನೆಲ್ಲ ಅಳಿಸಿ ಹಾಕಿಬಿಟ್ಟೆಯಲ್ಲಮ್ಮ, ಇನ್ನು ಬರೋರನ್ನಾದರೂ ಮನೇಲಿ ಕೂರಿಸಿಕೋ."