ದೋಣಿಯ ತೂತಿಗೆ ಕಲ್ಲಿನ ಪುಡಿ

ಹೊಳೆದಂಡೆಯ ಆಶ್ರಮದ ಬಾಗಿಲಲ್ಲಿ ಹುಲುಗಪ್ಪ ಬಂದು ಕೂತು ಎರಡು ದಿನವಾಗಿತ್ತು. ಊರಿಗೆಲ್ಲ ಗೊತ್ತಿದ್ದ ಕುಡುಕ. ಕುಡಿತ ಬಿಟ್ಟಿದ್ದೇನೆ, ಇರಲು ಜಾಗ ಕೊಡಿ ಎಂಬುದೊಂದೇ ಅವನ ಮಾತು. ಮನೆಯವರು ಹೊರಗೆ ಹಾಕಿದ್ದರು. ಇಲ್ಲಿಯೂ ಬೇಡವೆಂದರೆ ಅವನ ಕಾಲು ಹೆಂಡದಂಗಡಿಗೇ ತಿರುಗುವುದರಲ್ಲಿ ಅನುಮಾನವಿರಲಿಲ್ಲ.

ಶಿಷ್ಯ ಚನ್ನವೀರ ಮಾತ್ರ ಅವನನ್ನು ಒಳಗೆ ಬಿಡಲಿಲ್ಲ. ಚನ್ನವೀರನ ಅಪ್ಪ ಕಿರಾಣಿ ಅಂಗಡಿಯಲ್ಲಿ ಬೇಳೆಗೆ ಕಲ್ಲು ಬೆರೆಸಿ ಮಾರುತ್ತಿದ್ದ. ಅದನ್ನು ಕಣ್ಣಾರೆ ಕಂಡು ಮನೆ ಬಿಟ್ಟು ಬಂದವನು ಈತ. ಬೆರಕೆ ಎಂದರೆ ಅವನಿಗೆ ಮೈ ಉರಿಯುತ್ತಿತ್ತು.

“ಅಜ್ಜಾರ, ಇಂಥಾವನ್ನ ಸೇರಿಸ್ಕೊಂಡ್ರ ಆಶ್ರಮ ಕಲಬೆರಕಿ ಆಗ್ತದ್ರಿ.”

ಗುರು ಬಸಲಿಂಗಜ್ಜ ದಂಡೆಯ ಮೇಲೆ ಮಗುಚಿಟ್ಟಿದ್ದ ಫೈಬರ್ ದೋಣಿಯನ್ನು ತೋರಿಸಿದರು. ಬಂಡೆಗೆ ಬಡಿದು ತಳದಲ್ಲಿ ಅಂಗೈಯಗಲದ ತೂತು ಬಿದ್ದಿತ್ತು. ಪಕ್ಕದಲ್ಲಿ ಒಂದು ಡಬ್ಬಿ ರೆಸಿನ್ ಎಂಬ ಅಂಟು, ಅದನ್ನು ಗಟ್ಟಿ ಮಾಡುವ ಔಷಧಿ, ಒಂದು ಚೀಲ ಕಲ್ಲಿನ ಪುಡಿ, ಒಂದಿಷ್ಟು ಗಾಜಿನ ನಾರು.

“ಇದನ್ನ ಮುಚ್ಚು. ಬರೇ ರೆಸಿನ್ ನಿಂತಿತಂದ್ರ ಅವನ್ನ ಕಳಿಸಿಬಿಡೋಣು.”

“ನಿಲ್ಲಲಿಲ್ಲಂದ್ರ?”

“ನೀನ ಕೈ ಹಿಡಿದು ಒಳಗ ಕರ್ಕೊಂಡು ಬಾ.”

ಚನ್ನವೀರ ಟೊಂಕ ಕಟ್ಟಿ ನಿಂತ. ಒಳಗಿನಿಂದ ಹಲಗೆ ಆನಿಸಿ, ಜೇನುತುಪ್ಪದಂಥ ರೆಸಿನ್ನನ್ನು ಔಷಧಿ ಬೆರೆಸಿ ತೂತಿಗೆ ಸುರಿದ. ಪುಡಿಯ ಚೀಲದ ಬಾಯಿ ಕೂಡ ಬಿಚ್ಚಲಿಲ್ಲ.

ಬೆಳಗಾಗುವಷ್ಟರಲ್ಲಿ ತೇಪೆ ಗಾಜಿನಂತೆ ಹೊಳೆಯುತ್ತಿತ್ತು. ಅಂಚಿನಲ್ಲಿ ಒಂದು ಕೂದಲೆಳೆಯ ಬಿರುಕು ಆಗಲೇ ಬಿಟ್ಟಿತ್ತು. ಅಜ್ಜ ಒಂದು ಕಲ್ಲು ಎತ್ತಿ ಮೆಲ್ಲಗೆ ಬಡಿದರು. ತೇಪೆ ಚೂರುಚೂರಾಯಿತು.

ಚನ್ನವೀರನ ಮುಖ ಕೆಂಪಾಯಿತು. ಸೋತೆ ಎನ್ನಲು ನಾಲಿಗೆ ಏಳಲಿಲ್ಲ. “ಬೆರಕಿ ಹಾಕಿದ್ರ ನಿಲ್ತದ ಅನ್ನೂದೂ ಖಾತ್ರಿ ಆಗಬೇಕಲ್ರಿ?”

“ಆಗ್ಲೇಳು.”

ಈ ಸಲ ಹಟಕ್ಕೆ ಬಿದ್ದು ಪುಡಿ ಹಾಕಿದ. ಹಿಡಿ, ಇನ್ನೊಂದು ಹಿಡಿ, ಮತ್ತೊಂದು. ರೆಸಿನ್ ಒಣ ಹಿಟ್ಟಿನಂತಾಯಿತು. ಅದಕ್ಕೇ ಔಷಧಿ ಬೆರೆಸಿ ತೂತಿಗೆ ಮೆತ್ತಿದ.

ಮರುದಿನ ಅಜ್ಜ ಹೆಬ್ಬೆರಳಿನಿಂದ ಒತ್ತಿದರು. ತೇಪೆ ಉದುರಿ ಬಿತ್ತು.

“ನೋಡ್ರಿ! ನಾ ಹೇಳಲಿಲ್ಲೇನು?” ಚನ್ನವೀರನಿಗೆ ನಿಜಕ್ಕೂ ಖುಷಿಯಾಗಿತ್ತು.

ಅಜ್ಜ ಉದುರಿದ ಒಂದು ಹೆಂಟೆಯನ್ನು ಅವನ ಕೈಗಿಟ್ಟು ಹೋದರು. ಮುರಿದರೆ ಒಳಗೆ ಪುಡಿ ಚೀಲದಲ್ಲಿದ್ದ ಹಾಗೆಯೇ ಒಣಗಿ ಬೆಳ್ಳಗಿತ್ತು. ರೆಸಿನ್ ಅದನ್ನು ಮುಟ್ಟಿಯೇ ಇರಲಿಲ್ಲ.

ಅಷ್ಟರಲ್ಲಿ ಹುಲುಗಪ್ಪ ಗಂಟು ಕಟ್ಟಿಕೊಂಡು ಎದ್ದ. “ಸಾಕ್ರಿ ಸ್ವಾಮಿ. ನನ್ನ ಸಲುವಾಗಿ ನಿಮಗ್ಯಾಕ ಇಷ್ಟು ತ್ರಾಸು? ನಾ ಹೊಂಟೆ.”

ಅವನ ಕೈ ನಡುಗುತ್ತಿತ್ತು. ಚನ್ನವೀರ ಆ ಕೈಯನ್ನು ಈ ನಾಲ್ಕು ದಿನದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

“ಕುಂದ್ರು,” ಎಂದ. “ಇನ್ನೂ ಮುಗಿದಿಲ್ಲ.”

ಮೂರನೆಯ ಸಲ ಆತುರಪಡಲಿಲ್ಲ. ಒಂದು ಚಿಟಿಕೆ ಪುಡಿ ಹಾಕುವುದು, ಪ್ರತಿ ಕಣವೂ ರೆಸಿನ್ನಿನಲ್ಲಿ ತೋಯುವಂತೆ ಕಲಸುವುದು, ಆಮೇಲೆ ಇನ್ನೊಂದು ಚಿಟಿಕೆ. ಕಡ್ಡಿಯಿಂದ ಎತ್ತಿದರೆ ಜಾರದೆ ನಿಲ್ಲುವಷ್ಟು ದಪ್ಪವಾದಾಗ ಕೈ ನಿಲ್ಲಿಸಿ, ಗಟ್ಟಿ ಮಾಡುವ ಔಷಧಿ ಬೆರೆಸಿದ. ಗಾಜಿನ ನಾರನ್ನು ಕತ್ತರಿಸಿ, ಪದರ ಪದರವಾಗಿ ಅದರಲ್ಲಿ ನೆನೆಸಿ ಹಚ್ಚಿದ. ತೋಳು ಸೋತು ಹೋದರೂ ಬಿಡಲಿಲ್ಲ.

ಬೆಳಿಗ್ಗೆ ಅಜ್ಜನಿಗಾಗಿ ಕಾಯದೆ ತಾನೇ ದೊಡ್ಡ ಕಲ್ಲು ಎತ್ತಿ ಬಡಿದ. ಧಡ್ ಎಂದಿತು, ಅಷ್ಟೇ. ಮತ್ತೆ ಬಡಿದ. ತೇಪೆಗೆ ಒಂದು ಗೆರೆಯೂ ಬೀಳಲಿಲ್ಲ.

ಚನ್ನವೀರ ನೇರ ಬಾಗಿಲಿಗೆ ನಡೆದು ಹುಲುಗಪ್ಪನ ಕೈ ಹಿಡಿದು ಕರೆತಂದ. ಹುಲುಗಪ್ಪ ಬಿಕ್ಕಿ ಬಿಕ್ಕಿ ಅತ್ತ.

ಹುಮ್ಮಸ್ಸು ಬಂದವರನ್ನು ಹಿಡಿಯುವವರುಂಟೆ? ಚನ್ನವೀರ ಗುರುವಿನ ಮುಂದೆ ನಿಂತು ಹೇಳಿದ, “ಅಜ್ಜಾರ, ಇಂಥಾವ್ರು ಊರಾಗ ಇನ್ನೂ ಹತ್ತು ಮಂದಿ ಅದಾರ. ಈಗ ಹೋಗಿ ಎಲ್ಲಾರನ್ನೂ ಕರ್ಕೊಂಡು ಬರ್ಲೇನ್ರಿ?”

ಬಸಲಿಂಗಜ್ಜ ಹುಲುಗಪ್ಪನ ನಡುಗುವ ಕೈಯನ್ನು ಎತ್ತಿ ಶಿಷ್ಯನ ಕೈಯೊಳಗಿಟ್ಟರು.

“ಮೊದಲ ಈ ಕಣ ತೋಯ್ಲಿ.”